ಪೊಟ್ಯಾಶ್ ಹಾಕಿದವನು

ಮ್ಯಾನೇಜರನ ಕೈಯಲ್ಲಿ ಎರಡಡಿಯ ಪೈಪ್ ರೆಂಚ್. ನನ್ನ ಕೈಯಲ್ಲಿ ಅಂಗೈಯಗಲದ ಬಟ್ಟೆ ಚೀಲ. ಬೆನ್ನ ಹಿಂದೆ ಆಳುದ್ದದ ಮಡ್ ಟ್ಯಾಂಕ್!

"ಚೀಲ ಕೊಡು."

"ಕೇಳೋ ರೀತಿ ಇದಲ್ಲ ಸರ್."

ನನ್ನನ್ನು ಕಳಿಸಿದ್ದು ವಿಮಾ ಕಂಪನಿ. ಮೊನ್ನೆ ಸಂಜೆ ಕೊರೆಯುತ್ತಿದ್ದ ಬಾವಿಯ ಗೋಡೆ ಉಬ್ಬಿ ಡ್ರಿಲ್ ಪೈಪನ್ನು ಕಚ್ಚಿ ಹಿಡಿದಿತ್ತು. ಎಳೆಯುವಾಗ ಹಗ್ಗ ಹರಿದು ಒಬ್ಬನ ಕಾಲು ಹೋಯಿತು. ತಪ್ಪೆಲ್ಲ, ಕೊರೆಯುವಾಗ ಬಾವಿಗೆ ಹರಿಸುವ ಕೆಸರುನೀರನ್ನು, ಅಂದರೆ ಮಡ್ ಅನ್ನು, ಕಲಸುವ ಮೇಸ್ತ್ರಿಯದು ಎಂದು ಮ್ಯಾನೇಜರ್ ಬರೆದುಕೊಟ್ಟ. ಮೇಸ್ತ್ರಿಯ ಕೆಲಸ ಹೋಗಿತ್ತು. ಜೈಲೊಂದೇ ಬಾಕಿ.

ಕೆಳಗಿರುವುದು ಶೇಲ್. ಪದರ ಪದರದ ಜೇಡಿ ಕಲ್ಲು. ಬರೀ ನೀರು ಕುಡಿದರೆ ಉಬ್ಬುತ್ತದೆ, ಕಳಚಿ ಬೀಳುತ್ತದೆ. ಮಡ್‌ಗೆ ಪೊಟ್ಯಾಶ್ ಉಪ್ಪು ಬೆರೆಸಿದರೆ ಗಟ್ಟಿಯಾಗಿ ನಿಲ್ಲುತ್ತದೆ. ಮೇಸ್ತ್ರಿ ಉಪ್ಪೇ ಹಾಕಲಿಲ್ಲವಂತೆ!

ಸುಳ್ಳು. ಹತ್ತು ಮೀಟರಿಗೊಮ್ಮೆ, ಮೇಲೆ ಬಂದ ಕಲ್ಲಿನ ಚೂರುಗಳನ್ನು ಚೀಲದಲ್ಲಿ ಕಟ್ಟಿ ಸಮಯ ಬರೆದಿಡುತ್ತಾರೆ. ಮೇಸ್ತ್ರಿಯ ಪಾಳಿಯ ಚೀಲಗಳನ್ನು ಈ ಮಹಾಶಯ ಮಾಯ ಮಾಡಿದ್ದ. ಒಂದು ಮಾತ್ರ ನನಗೆ ಸಿಕ್ಕಿತು. ಒಳಗಿನ ಚೂರುಗಳು ಬ್ಲೇಡಿನಷ್ಟು ಚೂಪು, ಅಂದರೆ ಉಪ್ಪು ಬಿದ್ದಿತ್ತು. ಮ್ಯಾನೇಜರನ ಪಾಳಿಯ ಚೀಲಗಳಲ್ಲಿ... ಬರೀ ರಾಡಿ. ಬೇಗ ಕೊರೆಯುವ ಆಸೆಗೆ ಟ್ಯಾಂಕಿಗೆ ನೀರು ಬಿಟ್ಟು ಮಡ್ ತೆಳು ಮಾಡಿದ್ದ!

ರೆಂಚ್ ಬೀಸಿದ. ಬಗ್ಗಿದೆ. ಓಡಿದೆ. ಕಬ್ಬಿಣದ ಮೆಟ್ಟಿಲು... ಕಾಲು ಜಾರಿತು!

ಚೀಲ ಕಿತ್ತುಕೊಂಡವನೇ ಟ್ಯಾಂಕಿಗೆ ಎಸೆದ.

"ಅರ್ಧ ಗಂಟೆ. ನಿನ್ನ ಸಾಕ್ಷಿನೂ ರಾಡಿ!"

ರೆಂಚ್ ಹಿಡಿದು ಕಾವಲು ನಿಂತ. ಗದ್ದಲ ಕೇಳಿ ಪಾಳಿಯವರೆಲ್ಲ ನೆರೆದರು, ಮೇಸ್ತ್ರಿಯೂ. ಅರ್ಧ ಗಂಟೆ ಕಳೆಯಿತು. ಅವನೇ ನಗುತ್ತ ದಾರಿ ಬಿಟ್ಟ.

"ಹುಡುಕ್ಕೋ ಈಗ."

ಮೇಸ್ತ್ರಿ ಉದ್ದ ಕೋಲಿನ ಜರಡಿಯಿಂದ ಚೀಲ ಎತ್ತಿದ. ಎಲ್ಲರೆದುರು ಬಿಚ್ಚಿದೆ. ಒಂದು ಚೂರು ನನ್ನ ಬೆರಳನ್ನೇ ಕೊಯ್ದಿತು!

ಮ್ಯಾನೇಜರನ ಮುಖ ಬಿಳಿಚಿತು. "ಇದಕ್ಕೆ... ಪೊಟ್ಯಾಶ್ ಯಾರು ಹಾಕಿದ್ದು?"

"ನಾನೇ ಸರ್," ಎಂದ ಮೇಸ್ತ್ರಿ. "ಬೆಳಿಗ್ಗೆ ನನ್ನ ಸಾಮಾನು ತಗೊಳ್ಳೋಕೆ ಬಂದಿದ್ದೆ. ಪಾಪ, ಈಗಿನ ಪಾಳಿ ಹುಡುಗರ ಕಾಲೂ ಹಂಗೇ ಹೋಗಬಾರದಲ್ಲ."

"ನಿನ್ನನ್ನ ತೆಗೆದುಹಾಕಿದ್ದೆ!"

"ಕೆಲಸದಿಂದ ತಾನೇ?"

ಉಪ್ಪಿಲ್ಲದ ಮಡ್ ಎಂದು ಎಲ್ಲರೆದುರು ಬಾಯಿಬಿಟ್ಟ ಮ್ಯಾನೇಜರ್, ಮೂವತ್ತು ವರ್ಷ ಬಾವಿ ಕೊರೆಸಿದವನು. ಟ್ಯಾಂಕಿನಲ್ಲಿ ಏನಿದೆ ಎಂದು ಒಂದು ದಿನವೂ ಇಣುಕಿದವನಲ್ಲ. ಥೂ!

ಗೇಟಿನಲ್ಲಿ ಪೊಲೀಸ್ ಜೀಪು ನಿಂತಿತು. ಮೇಸ್ತ್ರಿಗಾಗಿ ಮ್ಯಾನೇಜರನೇ ಕರೆಸಿದ್ದು.

"ಅಷ್ಟು ದೂರದಿಂದ ಬಂದಿದ್ದಾರೆ ಸರ್, ಬರಿಗೈಲಿ ಕಳಿಸೋದು ಚೆನ್ನಾಗಿರಲ್ಲ," ಎಂದೆ. "ಹತ್ತಿ."