ಕೆಂಪು ಗೀಟು

ಬಿಡಿಭಾಗ ತರಿಸಿ ಮನೆಯಲ್ಲೇ ಜೋಡಿಸುವಂಥ ಕಾರು ಅದು. ಗಂಡ ಅರ್ಧ ಕಟ್ಟಿ ತೀರಿಕೊಂಡಿದ್ದ ಆ ಕಾರನ್ನು ಗ್ಲೆನಿಸ್ ಎಂಬ ವಿಧವೆಯಿಂದ ಕೊಂಡು, ಇಂಗ್ಲೆಂಡಿನ ಶ್ರೂಸ್‌ಬರಿಯ ನಮ್ಮ ಗ್ಯಾರೇಜಿನಲ್ಲಿ ನಾನೇ ಕಟ್ಟತೊಡಗಿದೆ. ಬಿಗಿ ಮಾಡಿದ ಪ್ರತಿ ಬೋಲ್ಟಿನ ಮೇಲೂ ಗುರುತಿಗೆ ಬಣ್ಣದ ಗೀಟೆಳೆಯುವುದು ನಮ್ಮಂಥವರ ರೂಢಿ.

"ಕೆಂಪು ನಮ್ಮ ಯಜಮಾನರದ್ದು, ನೀವು ಬೇರೆ ಬಣ್ಣ ತಗೊಳ್ಳಿ. ಪಾಪ, ಒಂದ್ಸಲಾನೂ ಇದರಲ್ಲಿ ಕೂತು ಹೋಗ್ಲಿಲ್ಲ," ಅಂದಿದ್ದರು ಗ್ಲೆನಿಸ್. ನಾನು ಹಳದಿ ಹಿಡಿದೆ.

ಜನವರಿಯ ಒಂದು ಬೆಳಿಗ್ಗೆ ನನ್ನ ಹಳದಿ ಗೀಟುಗಳ ಪಕ್ಕದಲ್ಲೆಲ್ಲ ಕೆಂಪು ಗೀಟುಗಳಿದ್ದವು. ಮುಟ್ಟಿದರೆ ಹಸಿ ಬಣ್ಣ ಬೆರಳಿಗೆ ಅಂಟಿತು. ಬಕೆಟ್ಟಿನ ನೀರು ಹೆಪ್ಪುಗಟ್ಟಿದ್ದ ಆ ಚಳಿಯಲ್ಲಿ ಸ್ಪ್ಯಾನರ್ ಮಾತ್ರ ಬೆಚ್ಚಗಿತ್ತು.

"ನಿನ್ನ ಕೈಕೆಲಸ ನಂಬದೋಳು ನಾನೊಬ್ಬಳೇ ಅಲ್ಲ ಬಿಡು!" ಎಂದು ನನ್ನ ಹೆಂಡತಿ ಹಿಲರಿ ನಕ್ಕಳು. ನಾನು ನಗಲಿಲ್ಲ, ಬೀಗ ಬದಲಿಸಿದೆ. ಗೀಟುಗಳು ನಿಲ್ಲಲಿಲ್ಲ.

ಒಬ್ಬನೇ ಓಡಿಸುವವನು ನಾನು. ಹಾಗಾಗಿ ಪಕ್ಕದ ಸೀಟನ್ನು ಕೂರಿಸದೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಟ್ಟದ ಮೇಲಿಟ್ಟಿದ್ದೆ.

ಕಳೆದ ಭಾನುವಾರ ಬೆಳಿಗ್ಗೆ, ಕಾರನ್ನು ಮೊದಲ ಸಲ ರಸ್ತೆಗಿಳಿಸೋಣವೆಂದು ಗ್ಯಾರೇಜಿನ ಬಾಗಿಲೆತ್ತಿದೆ. ಪಕ್ಕದ ಸೀಟು ತನ್ನ ಜಾಗದಲ್ಲಿತ್ತು. ಅದರ ನಾಲ್ಕೂ ಬೋಲ್ಟುಗಳ ಮೇಲೆ ಹಸಿ ಕೆಂಪು. ಸೀಟ್ ಬೆಲ್ಟನ್ನೂ ಹಾಕಿಯಾಗಿತ್ತು. ಆದರೆ ಅದು ಖಾಲಿ ಸೀಟಿನ ಮೇಲೆ ಜೋತುಬಿದ್ದಿರಲಿಲ್ಲ. ಎದೆಯೆತ್ತರದಲ್ಲಿ ಉಬ್ಬಿಕೊಂಡು, ಬಿಗಿಯಾಗಿ ನಿಂತಿತ್ತು.