ಆಧಾರವಿಲ್ಲದ ಮೂರು ಬಡಿತ

೧೯೮೧ರಲ್ಲಿ ಆದವಾನಿಯ ಸಂಜೆ ತರಗತಿಗಾಗಿ ನಾನು ಹಳೆಯ ಹತ್ತಿ ಗೋದಾಮೊಂದರ ಬೆಂಕಿಯ ಬಗ್ಗೆ ಪ್ರಬಂಧ ಬರೆದೆ. ದಾಖಲೆಯಲ್ಲಿದ್ದದ್ದು ಇಷ್ಟೇ: ‘೧೯೧೯, ಕೂಲಿ ಹೆಂಗಸು ಮಹಾಂತಮ್ಮ, ಹೊಗೆಯಿಂದ ಸಾವು, ಬಾಗಿಲಿಗೆ ಹೊರಗಿನಿಂದ ಚಿಲಕ.’ ಅಷ್ಟು ಸಾಲದೆನಿಸಿ, ‘ಆಕೆ ಮೂರು ಸಲ ಬಾಗಿಲು ಬಡಿದಳು’ ಎಂದು ನಾನೇ ಸೇರಿಸಿದೆ.

ಒಂದು ಮಧ್ಯಾಹ್ನ ಅದನ್ನು ಮಹಾಂತಮ್ಮನ ಮಗಳು ಗುರುಶಾಂತಮ್ಮನಿಗೆ ಓದಿ ಹೇಳಿದೆ. ಆಕೆಯ ಮನೆಗಿದ್ದದ್ದು ಅದೇ ಗೋದಾಮಿನ ಬಾಗಿಲು. ಗೋದಾಮಿನ ಸಾಹುಕಾರರು ತಾಯಿಯ ಸಾವಿಗೆ ಪರಿಹಾರವೆಂದು ಕೊಟ್ಟದ್ದು.

“ಅವ್ವ ನಿದ್ದಿಯೊಳಗ ಹೋದ್ಲು ಅಂದಿದ್ರಲ್ಲಪ್ಪಾ ನನಗ. ಬಡದ್ಲು ಅಂತ ಯಾರು ಹೇಳ್ಯಾರ?”

ಒಪ್ಪಿಕೊಳ್ಳಲು ನಾಚಿಕೆಯಾಯಿತು. “ಕಾಗದದಾಗ ಐತವ್ವಾ,” ಎಂದೆ.

ಆಗಲೇ ಬಾಗಿಲನ್ನು ಮೂರು ಸಲ ಬಡಿದ ಸದ್ದಾಯಿತು. ಬಾಗಿಲು ತೆರೆದೇ ಇತ್ತು, ಬೀದಿಯಲ್ಲಿ ಯಾರೂ ಇರಲಿಲ್ಲ. ಮುಟ್ಟಿ ನೋಡಿದೆ, ನೆರಳಲ್ಲಿದ್ದ ಹಲಗೆ ಬಿಸಿಯಾಗಿತ್ತು.

ಮರುವಾರ ಹೋದಾಗ ಮುದುಕಿ ಊಟ ಬಿಟ್ಟು ಬಾಗಿಲ ಬಳಿಯೇ ಕೂತಿದ್ದಳು.

“ಚಿಲಕ ಹಾಕಿಲ್ಲ, ಆದ್ರೂ ದಿನಾ ಬಡಿತಾಳ. ಯಾರೋ ಬಂದು ತೆಗದ್ರು ಅಂತ ಒಂದು ಸಾಲು ಬರಿಯೋ ನನ್ನಪ್ಪಾ. ಇಷ್ಟು ಓದೀದಿ, ಅಷ್ಟು ಬರಿಯಾಕ ಬರಂಗಿಲ್ಲೇನು?”

ಈ ಸಲವಾದರೂ ಪ್ರಾಮಾಣಿಕನಾಗಿರಬೇಕೆಂದುಕೊಂಡೆ. “ಅದಕ್ಕ ಆಧಾರ ಇಲ್ಲವ್ವಾ,” ಎಂದೆ.

ಯುಗಾದಿಗೆ ಮೊದಲೇ ಆಕೆ ಆ ಬಾಗಿಲಿಗೆ ಒರಗಿಕೊಂಡೇ ತೀರಿಕೊಂಡಳು. ಪ್ರಬಂಧದಿಂದ ನನ್ನ ಸಾಲನ್ನು ಹೊಡೆದುಹಾಕಿದೆ. ಮನೆಗೆ ಈಗ ಬೀಗ ಬಿದ್ದಿದೆ. ನಾನು ಎರಡು ಸಲ ಹೋಗಿ ನಿಂತು ಕೇಳಿದ್ದೇನೆ. ಒಳಗಿನಿಂದ ಮೂರು ಸಲ ಬಡಿದ ಸದ್ದು ಬರುತ್ತದೆ. ಸ್ವಲ್ಪ ತಡೆದು, ಮತ್ತೆ ಮೂರು ಸಲ, ಮೆಲ್ಲಗೆ, ಮುದಿಕೈಯ ಬಡಿತ.