ಕೇಳದೆ ಕೊಂಡ ಹೆಡ್‌ಫೋನು

ಒಬ್ಬಳು ಓದುವವಳು, ಒಬ್ಬ ಕತ್ತರಿಸುವವನು. ನಡುವೆ ಒಂದು ಗಾಜು.

ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿ ರೆಕಾರ್ಡ್ ಮಾಡುವ ಸಂಸ್ಥೆ ಅದು. ಗಾಜಿನ ಆಚೆಯ ಪುಟ್ಟ ಕೋಣೆಯಲ್ಲಿ ಮೈಕಿನ ಮುಂದೆ ಕುಳಿತು ಅವಳು ಓದುತ್ತಿದ್ದಳು. ಹಿಂದೆ ಶಾಲೆಯಲ್ಲಿ ಪಾಠ ಹೇಳಿದವಳಾದ್ದರಿಂದ ಎಲ್ಲರ ಬಾಯಲ್ಲೂ ಟೀಚರ್. ಈಚೆ ಕಂಪ್ಯೂಟರಿನ ಮುಂದೆ ಹೆಡ್‌ಫೋನ್ ಹಾಕಿಕೊಂಡು ಕುಳಿತು, ಅವಳ ಕೆಮ್ಮು, ತಡವರಿಕೆ, ಪುಟ ಮಗುಚಿದ ಸದ್ದನ್ನೆಲ್ಲ ಕತ್ತರಿಸಿ ತೆಗೆಯುವುದು ಅವನ ಕೆಲಸ. ಹಾಗಾಗಿ ಅವನ ಹೆಸರೇ ಕತ್ತರಿ ಆಗಿಹೋಗಿತ್ತು.

ಆರು ವರ್ಷಗಳಿಂದ ಅವರಿಬ್ಬರದು ಒಂದೇ ಸನ್ನೆ. ಅಧ್ಯಾಯ ಮುಗಿದಾಗ ಅವಳು ತಲೆಯೆತ್ತಿ ಹುಬ್ಬು ಕುಣಿಸುತ್ತಾಳೆ, ಹೇಗಿತ್ತು ಎಂಬಂತೆ. ಅವನು ಹೆಬ್ಬೆರಳು ಎತ್ತುತ್ತಾನೆ. ಅವಳ ಎಡಗೆನ್ನೆಯಲ್ಲಿ ಒಂದು ಗುಳಿ ಬಿದ್ದು ಮಾಯವಾಗುತ್ತದೆ. ಆ ಗುಳಿಗಾಗಿಯೇ ಅವನು ಬೆಳಗಾದರೆ ಎದ್ದು ಕೆಲಸಕ್ಕೆ ಬರುತ್ತಿದ್ದ ಎಂದರೆ ಸುಳ್ಳಲ್ಲ.

ಆ ಸೋಮವಾರ ಅವಳು ತಲೆಯೆತ್ತಲು ತುಸು ತಡ ಮಾಡಿದಳು. ಅವನು ಎಂದಿನಂತೆ ಹೆಬ್ಬೆರಳು ಎತ್ತಿದ. ಗುಳಿ ಬೀಳಲಿಲ್ಲ. ಅವಳು ಪುಸ್ತಕ ಮುಚ್ಚಿದಳು. ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದಳು. ಅವನತ್ತ ನೋಡದೆ ಎದ್ದು ಹೋದಳು.

ಮಾರನೆಯ ದಿನ ಮ್ಯಾನೇಜರು ಹೇಳಿದರು: "ಟೀಚರ್ ಈ ಪುಸ್ತಕ ಮುಗಿಸಿ ಹೊರಡ್ತಾರಂತೆ ಕಣಯ್ಯ. ಶುಕ್ರವಾರವೇ ಕೊನೆ. ತಂಗಿ ಊರಲ್ಲಿ ಕೆಲಸ ಸಿಕ್ಕಿದೆಯಂತೆ. ನಿನಗೆ ಗೊತ್ತಿರಲಿಲ್ವಾ?"

ಗೊತ್ತಿರಲಿಲ್ಲ. ಅವನಿಗಷ್ಟೇ ಗೊತ್ತಿದ್ದ ಸಂಗತಿ ಬೇರೆ. ಹಿಂದಿನ ತಿಂಗಳು ಕಿವಿ ಡಾಕ್ಟರು ಒಂದು ಗ್ರಾಫ್ ತೋರಿಸಿ, "ಎಡಗಿವಿ ಸ್ವಲ್ಪ ವಾಸಿ, ಆದ್ರೂ ಎರಡೂ ಹೋಗ್ತಿವೆ. ಸಣ್ಣ ಸದ್ದು ಮೊದಲು. ಸ, ಶ, ಪಿಸುಮಾತು. ಆಮೇಲೆ ಉಳಿದದ್ದು" ಎಂದಿದ್ದರು. ಮೊಂಡಾದ ಕತ್ತರಿಯನ್ನು ಯಾರು ಇಟ್ಟುಕೊಳ್ಳುತ್ತಾರೆ? ಅವನು ಯಾರಿಗೂ ಹೇಳದೆ, ಪರದೆಯ ಮೇಲಿನ ಅಲೆಗಳನ್ನು ಕಣ್ಣಿನಲ್ಲೇ ನೋಡಿ ಕತ್ತರಿಸತೊಡಗಿದ್ದ. ದಿನವೂ ಕೆಲಸಕ್ಕೆ ಕೂರುವ ಮೊದಲು ಕಣ್ಣು ಮುಚ್ಚಿ, "ದೇವರೇ, ಇವತ್ತೊಂದು ದಿನ ಕೇಳಿಸಪ್ಪಾ" ಎನ್ನುತ್ತಿದ್ದ.

ಅವಳು ಹೋದ ಮೇಲೆ ಉಳಿಯುವುದು ಅವಳ ದನಿಯೊಂದೇ. ಅದೂ ಕೆಲವು ದಿನ. ಇರುವಷ್ಟು ಕಿವಿಯಲ್ಲಿ ಅದನ್ನು ತುಂಬಿಕೊಂಡುಬಿಡಬೇಕು, ಒಂದು ಉಸಿರೂ ಚೆಲ್ಲದ ಹಾಗೆ. ಅವನು ಹುಚ್ಚು ಹಿಡಿದವನಂತೆ ಹೆಡ್‌ಫೋನುಗಳ ಬಗ್ಗೆ ಜನ ಬರೆದದ್ದನ್ನೆಲ್ಲ ಓದಿದ. ಒಂದರ ಕೆಳಗೆ ಯಾರೋ ಬರೆದಿದ್ದರು: "ಹಾಡುವವಳು ತುಟಿ ಒದ್ದೆ ಮಾಡಿಕೊಂಡದ್ದೂ ಕೇಳಿಸುತ್ತದೆ." ಅಷ್ಟೇ ಸಾಕಾಯಿತು. ಅಂಗಡಿಗೆ ಫೋನ್ ಮಾಡಿದ.

"ಒಂದ್ಸಲ ಕೇಳಿ ನೋಡಬಹುದಾ?"

"ಸೀಲ್ ಒಡೆದ್ರೆ ವಾಪಸ್ ಇಲ್ಲ ಸರ್."

"ಕೇಳದೇ ಹೇಗ್ರೀ ತಗೊಳ್ಳೋದು?"

"ಅಯ್ಯೋ, ಕೇಳಿ ಸರ್. ಏನು ಬೇಕಾದ್ರೂ ಕೇಳಿ, ಹೇಳ್ತೀನಿ."

ಬೇರೆ ದಿನವಾಗಿದ್ದರೆ ನಗು ಬರುತ್ತಿತ್ತು. "ಕಳಿಸಿ," ಎಂದ.

ಗುರುವಾರ ಸಂಜೆ ಪೆಟ್ಟಿಗೆ ಬಂತು. ಅಕ್ಕ ಅದನ್ನು ತಿರುವಿ ತಿರುವಿ ನೋಡಿದಳು. "ಕೇಳದೇ ತಗೊಂಡ್ಯಾ? ಟೊಮೇಟೊ ಆದ್ರೆ ಒಂದೊಂದನ್ನೂ ಹಿಚುಕಿ ನೋಡ್ತೀಯಲ್ಲೋ!"

"ಸುಮ್ನಿರಕ್ಕ."

"ಹುಡುಗೀನೂ ಕೇಳಲ್ಲ, ಹೆಡ್‌ಫೋನೂ ಕೇಳಲ್ಲ. ಹೀಗೇ ಏನೂ ಕೇಳದೇ ಮುದುಕ ಆಗಿಬಿಡು."

ಅವನು ಕೋಣೆಯ ಬಾಗಿಲು ಹಾಕಿಕೊಂಡು ಸೋಮವಾರದ ರೆಕಾರ್ಡಿಂಗ್ ತೆರೆದ. ಇನ್ನೂ ಕತ್ತರಿಸದ ಫೈಲು. ಅವಳ ದನಿ ಬೆಚ್ಚಗೆ ಹತ್ತಿರ ಬಂತು, ಹೆಗಲ ಮೇಲೆ ಕೈಯಿಟ್ಟಷ್ಟು ಹತ್ತಿರ. ಆದರೆ ಅವಳು "ಸಂಜೆ" ಎಂದು ಓದಿದ್ದು ಅವನಿಗೆ "ಅಂಜೆ" ಎಂದೇ ಕೇಳಿಸಿತು. ಅವನಲ್ಲೋ ಅಂಜಿಕೆಯ ಹೊರತು ಬೇರೇನೂ ಉಳಿದಿರಲಿಲ್ಲ. ಜಗತ್ತಿನಲ್ಲೇ ಒಳ್ಳೆಯ ಹೆಡ್‌ಫೋನು, ಕಿವಿ ಮಾತ್ರ ಅದೇ ಹಳೆಯದು.

ಅಧ್ಯಾಯ ಮುಗಿಯಿತು. ಕಣ್ಣು ತುಂಬಿ ಪರದೆ ಮಸುಕಾಯಿತು. ಒರೆಸಿಕೊಂಡು ನೋಡಿದರೆ, ಮೌನದ ಗೆರೆಯ ಮೇಲೆ ಇರುವೆ ಸಾಲಿನಷ್ಟು ಸಣ್ಣ ಉಬ್ಬುಗಳು. ಕೆಮ್ಮಲ್ಲ, ಪುಟ ಮಗುಚಿದ್ದೂ ಅಲ್ಲ. ವಾಲ್ಯೂಮನ್ನು ಕೊನೆಯ ತನಕ ತಿರುಗಿಸಿದ. ಮಂಜಿನೊಳಗಿಂದ ಬಂದಂತೆ ಕೊನೆಯ ಎರಡು ಸ್ವರ ಮಾತ್ರ ದಕ್ಕಿದವು: ಓ... ಆ? ಆ ಕೊನೆಯ ಸ್ವರ ಮೇಲಕ್ಕೆದ್ದು ನಿಂತಿತ್ತು.

ಅದು ಪ್ರಶ್ನೆ. ಅವಳು ಏನೋ ಕೇಳಿದ್ದಳು. ಅವನು ಹೆಬ್ಬೆರಳು ಎತ್ತಿದ್ದ.

ಶುಕ್ರವಾರ ಬೆಳಿಗ್ಗೆ ಅವನು ಅಭ್ಯಾಸಬಲದಿಂದ ರೆಕಾರ್ಡಿಂಗ್ ಶುರು ಮಾಡಿದ. ಆಮೇಲೆ, ಆರು ವರ್ಷಗಳಲ್ಲಿ ಮೊದಲ ಸಲ, ಹೆಡ್‌ಫೋನು, ಲ್ಯಾಪ್‌ಟಾಪು ಹಿಡಿದು ಗಾಜಿನ ಆಚೆಗೆ ಹೋದ.

"ಕೆಂಪು ದೀಪ ಉರೀತಿದೆ, ರೆಕಾರ್ಡ್ ಆಗ್ತಿದೆ," ಎಂದಳು, ಪುಸ್ತಕದಿಂದ ಕಣ್ಣೆತ್ತದೆ.

"ಉರೀಲಿ. ಸೋಮವಾರ ನೀವು ಏನೋ ಕೇಳಿದ್ರಿ."

"ಉತ್ತರಾನೂ ಕೊಟ್ರಲ್ಲ." ತನ್ನ ಹೆಬ್ಬೆರಳು ಎತ್ತಿ ತೋರಿಸಿದಳು. "ಇಷ್ಟುದ್ದ."

"ಕೇಳದೇ ಕೊಟ್ಟೆ."

"ಅಂದ್ರೆ?"

"ಕೇಳಿಸಲಿಲ್ಲ. ಕಿವಿ ಹೋಗ್ತಾ ಇದೆ ಟೀಚರ್, ಎಡಗಿವಿ ಒಂಚೂರು ವಾಸಿ. ನೀವು 'ಸ' ಅಂದ್ರೆ ನನಗೆ ಬರೀ ಗಾಳಿ. ಪಿಸುಗುಟ್ಟಿದ್ರೆ ಅದೂ ಇಲ್ಲ."

ಅವಳು ಈಗ ತಲೆಯೆತ್ತಿದಳು. ಅವನು ಹೆಡ್‌ಫೋನನ್ನು ಅವಳ ತಲೆಗಿಟ್ಟು ಆ ತುಣುಕನ್ನು ಹಾಕಿದ. ಕೇಳುತ್ತ ಕೇಳುತ್ತ ಅವಳ ಕೈ ತಾನಾಗಿ ಗಂಟಲಿಗೆ ಹೋಯಿತು.

"ಥೂ, ಇಷ್ಟೊಂದು ನಡುಗಿದ್ನಾ ನಾನು? ಎಂಜಲು ನುಂಗಿದ್ದೂ ಕೇಳಿಸ್ತಿದೆ ರೀ."

"ಒಳ್ಳೇ ಹೆಡ್‌ಫೋನು."

"ಮತ್ತೆ ನಿಮಗೆ?"

"ನನಗೆ ಎರಡೇ ಸ್ವರ. ಓ, ಆ."

ಅವಳು ನಕ್ಕಳು. ನಗು ಅರ್ಧಕ್ಕೇ ಒದ್ದೆಯಾಯಿತು. "ನಾಲ್ಕು ದಿನದಿಂದ ನಿಮಗೆ ಶಾಪ ಹಾಕ್ತಿದ್ದೀನಿ, ಗೊತ್ತಾ? ಒಂದು ಹೆಬ್ಬೆರಳಲ್ಲಿ ಆರು ವರ್ಷ ಒರೆಸಿ ಹಾಕಿದ್ರಲ್ಲ ಅಂತ."

"ಇನ್ನೊಂದ್ಸಲ ಕೇಳಿ."

"ಆಗಲ್ಲಪ್ಪ. ಒಂದ್ಸಲ ಕೇಳೋ ಧೈರ್ಯಕ್ಕೇ ಒಂದು ತಿಂಗಳು ಹಿಡೀತು."

"ಮುಂದೆ ಹೇಗೂ ಎಲ್ಲಾನೂ ಎರಡೆರಡು ಸಲ ಹೇಳಬೇಕಾಗತ್ತೆ," ಎಂದ ಅವನು. "ದಿನಾ. ಮನೇಲೂ. ಇವತ್ತಿಂದಲೇ ರೂಢಿ ಮಾಡ್ಕೊಳ್ಳಿ."

ಕೋಣೆ ನಿಶ್ಶಬ್ದವಾಯಿತು. ಅವನಿಗೆ ಹಾಗನ್ನಿಸಿತೋ, ನಿಜವಾಗಿಯೂ ಹಾಗಿತ್ತೋ. ಅವಳು ಎದ್ದು, ಅವನ ಎಡಗಡೆಗೆ ಬಂದು, ಹಿಂದಿನ ಬೆಂಚಿಗೂ ಮುಟ್ಟುವ ಪಾಠದ ದನಿಯಲ್ಲಿ ಕೇಳಿದಳು:

"ನನಗೆ ಬೇರೆ ಕಡೆ ಕೆಲಸ ಸಿಕ್ಕಿದೆ. ನೀವು ಬೇಡ ಅಂದ್ರೆ ಇಲ್ಲೇ ಇರ್ತೀನಿ. ಹೋಗ್ಲಾ?"

"ಬೇಡ!"

ತನ್ನ ದನಿ ಎಷ್ಟು ಜೋರೆಂಬುದು ಅವನಿಗೆ ತಿಳಿಯಲಿಲ್ಲ. ಮ್ಯಾನೇಜರು ಓಡಿ ಬಂದು ಬಾಗಿಲಲ್ಲಿ ಇಣುಕಿದರು. "ಏನ್ರೀ ಅದು, ಏನು ಬೇಡ?"

"ನಾನು ಹೋಗೋದು ಸರ್," ಎಂದಳು ಅವಳು. "ಬೇಡವಂತೆ."

ಶುಕ್ರವಾರದ ಆ ಫೈಲನ್ನು ಕತ್ತರಿ ಮುಟ್ಟಲಿಲ್ಲ. ಕುರ್ಚಿ ಎಳೆದ ಸದ್ದು, ಮೂಗು ಒರೆಸಿಕೊಂಡದ್ದು, ಮ್ಯಾನೇಜರ ಏದುಸಿರು, ಎಲ್ಲವೂ ಹಾಗೇ ಇವೆ. ಈಗ ಅದರಲ್ಲಿ ಅವನಿಗೆ ಹೆಚ್ಚೇನೂ ಕೇಳಿಸುವುದಿಲ್ಲ. ಒಮ್ಮೊಮ್ಮೆ ಸಂಜೆ ಅವಳು ಆ ಹೆಡ್‌ಫೋನು ಹಾಕಿಕೊಂಡು ಕೇಳುತ್ತಾಳೆ. ಅವನು ಎದುರಿಗೆ ಕುಳಿತು ಅವಳ ಎಡಗೆನ್ನೆಯನ್ನೇ ನೋಡುತ್ತಾನೆ. ಗುಳಿ ಬಿದ್ದ ಕೂಡಲೇ, ತಾನು "ಬೇಡ" ಎಂದ ಜಾಗ ಬಂತೆಂದು ಅವನಿಗೆ ತಿಳಿಯುತ್ತದೆ.